ಹೆಬ್ಬೆಟ್ಟು ಪಾಸಾದ ಸೊಸೆ

ದ್ರಾಕ್ಷಿ ಬೆಳೆಗಾರರ ಸಂಘದ ಸಭೆಯಿಂದ ಬಂದ ಮುರಗೆಪ್ಪ ಕೈಕಾಲು ತೊಳೆಯದೆ ಊಟಕ್ಕೆ ಕೂತ. ಹೇಳುವುದು ಬಹಳ ಇದೆ ಎಂದು ಮನೆಯವರಿಗೆ ಅಷ್ಟರಿಂದಲೇ ತಿಳಿಯಿತು.

“ಇನ್ನ ಮ್ಯಾಲ ಹೊರಗಿನ ಆಳಿಗೆ ಕೈಯಾಗ ರೊಕ್ಕ ಕೊಡೂದಿಲ್ಲ,” ಎಂದ. “ಆಧಾರ ತೋರಿಸಬೇಕು, ಮಷೀನಿನ ಮ್ಯಾಲ ಹೆಬ್ಬೆಟ್ಟು ಒತ್ತಬೇಕು, ಪಗಾರ ಸೀದಾ ಖಾತೇಕ ಹೋಗಬೇಕು. ಹೆಬ್ಬೆಟ್ಟು ಪಾಸಾಗಲಿಲ್ಲ ಅಂದ್ರ ಅಂವ ಬಾಂಗ್ಲಾದವನ. ಟೆಂಪೋ ಹತ್ತಿಸಿ ಮಿರಜ ಠೇಸನ್ನಿಗೆ ಬಿಟ್ಟು ಬರೂದು.”

ಹೆಂಡತಿ ಶಿವಗಂಗವ್ವ ಪುಂಡಿಪಲ್ಯ ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. “ಚಾಟ್ನಿ ಅರ್ಧಾ ಉಳದೈತಿ. ಟೋಳಿನ್ನ ಕಳಿಸಿ ಪೇಸ್ಟ್ ನೀವ ಹಚ್ಚಾವರೇನು?”

“ಎಲ್ಲಾರ್ನೂ ಕಳಸ್ತೀವಿ ಅಂತ ಯಾರ ಅಂದ್ರು? ಕಳ್ಳ ಮಂದಿನ್ನ ಅಷ್ಟ. ಬಾಪುಸಾಹೇಬ್ರು ಪೇಪರ್ ಓದಿ ಹೇಳಿದ್ರು. ರೊಕ್ಕ ಕೈಯಾಗ ಸಿಗೂಮಟಾ ಗಡಿ ದಾಟಿ ಬರ್ತಾನ ಇರ್ತಾರಂತ. ರೊಕ್ಕದ ಹಾದಿ ಬಂದ್ ಮಾಡಿದ್ರ ತಾವ ಹೊಳ್ಳಿ ಹೊಕ್ಕಾರ. ನಮ್ಮ ಮಂದೀದು ಕೂಲಿ ತಿನ್ನಾಕತ್ತಾರ.”

“ನಿಮ್ಮ ಮಂದಿ ಯಾರು ಪೇಸ್ಟ್ ಹಚ್ಚಾಕ ಸಾಲಹಚ್ಚಿ ನಿಂತಾರ, ತೋರಸ್ರಿ ನೋಡೂಣು.”

ಅದು ೨೦೧೭ರ ಅಕ್ಟೋಬರ್. ಅಥಣಿ ತಾಲೂಕಿನಲ್ಲಿ ದ್ರಾಕ್ಷಿಯ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ನಡೆದಿತ್ತು. ಕೊಕಟನೂರ ರಸ್ತೆಗೆ ಹತ್ತಿದಂತೆ ಮುರಗೆಪ್ಪನದು ನಾಲ್ಕು ಎಕರೆ ತೋಟ. ಬಳ್ಳಿ ಸವರಿದ ಮೇಲೆ ಉಳಿದ, ಚಿಗುರು ಒಡೆಯುವ ಪ್ರತಿ ಕಣ್ಣಿಗೂ ಪೇಸ್ಟ್ ಎಂಬ ಔಷಧವನ್ನು ಬೆರಳಿನಿಂದ ಹಚ್ಚಬೇಕು. ಹಚ್ಚಿದರೆ ಕಣ್ಣುಗಳೆಲ್ಲ ಒಟ್ಟಿಗೆ ಒಡೆಯುತ್ತವೆ. ಊರಿನ ಹೆಂಗಸರು ಆ ಕೆಲಸಕ್ಕೆ ಬರುವುದನ್ನು ಎಂದೋ ಬಿಟ್ಟಿದ್ದರು. ಮೂರು ಹಂಗಾಮಿನಿಂದ ಬಂಗಾಳದ ಕೂಲಿಗಳ ಟೋಳಿಯೊಂದು ಬಂದು ಒಣದ್ರಾಕ್ಷಿಯ ಶೆಡ್ಡಿನಲ್ಲಿ ಇಳಿದುಕೊಂಡು ದುಡಿದು ಹೋಗುತ್ತಿತ್ತು. ಈ ಸಲ ಬಂದ ಹದಿನಾಲ್ಕು ಜನರಲ್ಲಿ ಕೆಲವರು ಹೊಸಬರು.

ರೊಟ್ಟಿ ತಂದ ಸೊಸೆ ಕೋಮಲ ಮಾವನ ತಾಟಿಗೆ ಒಂದು ಹಾಕಿ ಅಲ್ಲೇ ನಿಂತಳು. “ಮಾವಾರು ಹೇಳೂದು ಖರೇ ಐತ್ರಿ. ಗುರ್ತಿಲ್ಲದ ಮಂದಿನ್ನ ತೋಟದಾಗ ಇಟ್ಕೋಬಾರ್ದು.”

ಶಿವಗಂಗವ್ವ ಸೊಸೆಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. “ಕೇಳ್ರೆಪಾ, ಯಾರ ಬಾಯಾಗ ಎಂಥಾ ಮಾತು ಬಂತು. ಮೀನು ಬಿಟ್ಟು ರೊಟ್ಟಿ ತಿನ್ನಾಕ ಕಲತು ನಾಕ ವರ್ಷ ಆಗಿಲ್ಲ. ಈಕಿ ಊರಾಕಿ, ಅವರು ಹೊರಗಿನವರು.”

“ಅವ್ವಾ, ಉಣ್ಣೂಮುಂದ ಯಾಕ?” ಎಂದ ಮಗ ಈಶ್ವರ.

“ಉಣ್ಣಾಕ ಅಲ್ಲದ ನೀ ನನ್ನ ಮುಂದ ಯಾವಾಗ ಕೂಡ್ತಿ?”

ಈಶ್ವರನಿಗೆ ಮೂವತ್ತೆರಡು ದಾಟಿದರೂ ಹೆಣ್ಣು ಸಿಕ್ಕಿರಲಿಲ್ಲ. ತೋಟ ಇದ್ದವನಿಗೆ ಬೇಡ, ನೌಕರಿ ಇದ್ದವನಿಗೆ ಕೊಡುತ್ತೇವೆ ಎಂದು ಸುತ್ತಲಿನವರೆಲ್ಲ ಹೇಳಿ ಕಳಿಸಿದ್ದರು. ಕಡೆಗೆ ಸಾಂಗಲಿಯ ಏಜೆಂಟನೊಬ್ಬ ಹೆಣ್ಣು ತಂದುಕೊಟ್ಟ. ಬಂಗಾಳದ ಮಾಲ್ದಾ ಕಡೆಯವಳು ಎಂದ. ಮದುವೆಯ ದಿನ ಅಕ್ಕಿ ಹರಡಿದ ತಾಟಿನಲ್ಲಿ ಉಂಗುರದಿಂದ ಕೋಮಲ ಎಂದು ಬರೆಸಿದರು. ಮಾಲತಿ ಎಂಬ ಹಳೆಯ ಹೆಸರನ್ನು ಆಮೇಲೆ ಯಾರೂ ಕರೆಯಲಿಲ್ಲ. ಊರಿಗೆ ಏಜೆಂಟ್ ಕೊಡಿಸಿದ ಸೊಲ್ಲಾಪುರದ ಕಡೆಯ ಹೆಣ್ಣು ಎಂದು ಹೇಳಿದರು. ಆಗ ಪಂಚಾಯತಿ ಸದಸ್ಯನಾಗಿದ್ದ ಮುರಗೆಪ್ಪ ಇವಳು ನಮ್ಮ ಮನೆಯವಳು ಎಂದು ತಾನೇ ಸಹಿ ಹಾಕಿ ಆಧಾರ ಮಾಡಿಸಿದ. ಏಜೆಂಟ್ ತಂದ ಹೆಣ್ಣುಮಕ್ಕಳು ಓಡಿಹೋಗುತ್ತಾರೆ ಎಂಬ ಭಯಕ್ಕೆ ಅವಳನ್ನು ತೋಟಕ್ಕೆ ಬಿಡಲಿಲ್ಲ. ಅಡುಗೆ, ದನ, ಹುಟ್ಟಿದ ಮೇಲೆ ಮಗಳು ಭಾಗ್ಯಾ. ಅಷ್ಟರಲ್ಲೇ ನಾಲ್ಕು ವರ್ಷ ಕಳೆದಿದ್ದವು.

ಏಜೆಂಟ್ ಹೇಳದೆ ಬಿಟ್ಟದ್ದು ಒಂದಿತ್ತು. ಕೋಮಲ ಹುಟ್ಟಿದ್ದು ನದಿಯ ಆಚೆ ದಂಡೆಯಲ್ಲಿ, ಗಡಿಯ ಆಚೆ. ಹನ್ನೆರಡರ ವಯಸ್ಸಿನಲ್ಲಿ ಅವಳ ತಾಯಿ ದೋಣಿಯಲ್ಲಿ ಈಚೆ ತಂದು, ಸೋದರಮಾವನ ಮನೆಯಲ್ಲಿ ಬಿಟ್ಟು, ತಾನು ಹಿಂತಿರುಗಿದ್ದಳು. ಆ ಮನೆಯ ಎದುರಿಗೆ ಜೋಸ್ನಾ ಎಂಬ ಹುಡುಗಿ ಇದ್ದಳು. ಈಗ ಟೋಳಿ ಬಂದ ದಿನ, ಚಹಾದ ಕಿಟ್ಲಿ ಹಿಡಿದು ಬಾಗಿಲಿಗೆ ಬಂದ ಕೋಮಲ, ಗಂಟು ಇಳಿಸುತ್ತಿದ್ದವರಲ್ಲಿ ಅದೇ ಜೋಸ್ನಾಳನ್ನು ಕಂಡು ಕಿಟ್ಲಿಯೊಡನೆ ಒಳಗೆ ಹೋಗಿದ್ದಳು. ಇಡೀ ತಾಲೂಕಿನಲ್ಲಿ ಅವಳ ಹುಟ್ಟೂರು ಬಲ್ಲವಳು ಜೋಸ್ನಾ ಒಬ್ಬಳೇ. ಆ ಬಾಯಿ ತೆರೆದರೆ ಗಂಡ, ಮಗಳು, ಒಲೆ ಎಲ್ಲವೂ ಹೋಗುತ್ತವೆ ಎಂದು ಕೋಮಲಳಿಗೆ ಗೊತ್ತಿತ್ತು.

ತಪಾಸಣೆಯನ್ನು ಮುಂದಿನ ರವಿವಾರ ಗುಡಿಯ ಕಟ್ಟೆಯ ಮೇಲೆ ಇಟ್ಟರು. ಅದೇ ವಾರ ಊರಿನ ತೋಟಗಳಲ್ಲೆಲ್ಲ ಪೇಸ್ಟ್ ನಡೆದಿತ್ತು. ಎರಡನ್ನೂ ಕೂಡಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಬ್ಯಾಂಕಿನ ಏಜೆಂಟ್ ಜಕ್ಕಪ್ಪ ಮಷೀನು ಹಿಡಿದು ಕೂತ. ಸಂಘದ ಕಾರ್ಯದರ್ಶಿ ಬಾಪುಸಾಹೇಬರು ಖುರ್ಚಿ ಹಾಕಿಸಿಕೊಂಡಿದ್ದರು. ಮೊದಲು ತೋಟದ ಮಾಲೀಕರ ಖಾತೆ ಜೋಡಿಸಬೇಕು, ಆಮೇಲೆ ಆಳುಗಳದು. ಮುರಗೆಪ್ಪ ರುಮಾಲು ಸರಿಮಾಡಿಕೊಂಡು ಎಲ್ಲರಿಗಿಂತ ಮುಂಚೆ ಹೆಬ್ಬೆಟ್ಟು ಒತ್ತಿದ. ಕೆಂಪು ದೀಪ ಬಂತು.

“ತಲೀ ಕೂದಲಕ್ಕ ಒರಿಸಿ ಒತ್ರಿ ಕಾಕಾ,” ಎಂದ ಜಕ್ಕಪ್ಪ.

ಒರೆಸಿ ಒತ್ತಿದ. ಧೋತರಕ್ಕೆ ತಿಕ್ಕಿ ಒತ್ತಿದ. ಮತ್ತೆ ಕೆಂಪು.

“ಮುರಗೆಪ್ಪಣ್ಣನ್ನ ಮಿರಜಿಗೆ ಕಳಸ್ರೆಪಾ,” ಎಂದು ಹಿಂದಿನಿಂದ ಯಾರೋ ಅಂದರು. ಕಟ್ಟೆ ತುಂಬ ನಗು. ಈಶ್ವರನ ಬೆರಳಿಗೂ ಕೆಂಪೇ ಬಂತು. ಇನ್ನೂ ಐದಾರು ಮಾಲೀಕರದು ಹಾಗೇ ಆಯಿತು.

“ಇವರನ್ನೆಲ್ಲಾ ಹುಟ್ಟಿದಾಗಿಂದ ನೋಡೇವಿ. ಪಾಸ್ ಅಂತ ಬರಕೋ,” ಎಂದರು ಬಾಪುಸಾಹೇಬರು. “ಮುರಗೆಪ್ಪಾ, ಪಗಾರ ಹಾಕಾಕ ನಿಮ್ಮ ಮನಿದೊಂದು ಬೆರಳ ಬೇಕಲ್ಲೋ ಮಾರಾಯಾ. ಸೊಸಿನ್ನ ಕರಿ.”

ಕೋಮಲ ಸೆರಗು ಹೊದ್ದು ಬಂದು ಒತ್ತಿದಳು. ಮೊದಲ ಸಲಕ್ಕೇ ಹಸಿರು. ಮಷೀನು ಅವಳ ಹೆಸರಿನ ಚೀಟಿ ಹೊರಗೆ ಹಾಕಿತು.

“ನೋಡ್ರಿ, ನಮ್ಮ ಮನಿ ಮಾನಾ ಸೊಸಿ ಉಳಸಿದ್ಲು,” ಎಂದ ಮುರಗೆಪ್ಪ, ಸುತ್ತಲೂ ನೋಡುತ್ತ.

ಆಮೇಲೆ ಟೋಳಿ. ಹದಿನಾಲ್ಕರಲ್ಲಿ ಒಂಬತ್ತು ಬೆರಳುಗಳಿಗೆ ಕೆಂಪು. ಅವರೂ ಕೂದಲಿಗೆ ಒರೆಸಿದರು, ಬಟ್ಟೆಗೆ ತಿಕ್ಕಿದರು. ಈಗ ಯಾರೂ ನಗಲಿಲ್ಲ. ಪಾಸ್ ಎಂದು ಬರಕೋ ಎಂದು ಯಾರೂ ಅನ್ನಲಿಲ್ಲ. ಒಂಬತ್ತನೆಯವಳು ಜೋಸ್ನಾ. ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದಳು. ಮಷೀನು ಅವಳನ್ನು ಒಪ್ಪಲಿಲ್ಲ. ಕಟ್ಟೆ ಇಳಿಯುವಾಗ ಅವಳು ಕೋಮಲಳನ್ನು ಕಂಡು ನಿಂತಳು. “ಮಾಲತೀ,” ಎಂದಳು, ಮೆಲ್ಲಗೆ. ಕೋಮಲ ಮಗಳನ್ನು ಎತ್ತಿಕೊಂಡು ಮನೆಯ ಹಾದಿ ಹಿಡಿದಳು.

ನಡೆದದ್ದು ಸರಳ. ಪೇಸ್ಟ್ ಚರ್ಮವನ್ನು ಸುಡುವ ಔಷಧ. ಬರಿಗೈಯಲ್ಲಿ ಮುಟ್ಟಿದರೆ ಬೆರಳ ತುದಿಯ ಮೇಲಿನ ಪದರು ಸುಲಿದು ಗೆರೆಗಳು ಅಳಿಸುತ್ತವೆ. ತಿರುಗಿ ಮೂಡಲು ವಾರಗಳು ಬೇಕು. ಟೋಳಿಯಲ್ಲಿ ಪಾಸಾದ ಐವರು ಬಳ್ಳಿ ಸವರುವವರು. ಡಬ್ಬಿಯ ಮೇಲೆ ಕೈಗವಸಿನ ಚಿತ್ರವೇ ಇರುತ್ತದೆ. ಕೈಗವಸು ಹಾಕಿದರೆ ಕೆಲಸ ನಿಧಾನ ಎಂದು ಮುರಗೆಪ್ಪ ತಂದಿರಲಿಲ್ಲ; ಪೇಸ್ಟ್ ಕಲಸಿ ಹಂಚುವ ಮನೆಯವರದೂ ಬರಿಗೈ. ಪಿಯುಸಿ ಸೈನ್ಸ್ ಓದಿದ್ದ ಈಶ್ವರ ಆ ಡಬ್ಬಿಯನ್ನು ಓದಿದ್ದ. ಕಟ್ಟೆಯ ಮೇಲೆ ಅವನೂ ಸುಮ್ಮನೆ ನಿಂತಿದ್ದ. ಮನೆಯಲ್ಲಿ ಪೇಸ್ಟ್ ಮುಟ್ಟದ ಬೆರಳು ಕೋಮಲಳದು ಒಂದೇ, ಏಕೆಂದರೆ ಅವಳನ್ನು ಯಾರೂ ತೋಟಕ್ಕೆ ಬಿಟ್ಟಿರಲಿಲ್ಲ.

ಒಂಬತ್ತು ಜನರನ್ನು ಕೆಲಸದಿಂದ ಬಿಡಿಸಿ, ಬುಧವಾರ ಟೆಂಪೋ ಬರುವವರೆಗೆ ಶೆಡ್ಡಿನಲ್ಲೇ ಇರಿಸಿದರು. ಪಗಾರ ಕೇಳಿದ, ಟೋಳಿಯನ್ನು ಕರೆತಂದ ಮುಕಾದಮನಿಗೆ ಬಾಪುಸಾಹೇಬರು, ಹೆಬ್ಬೆಟ್ಟು ಪಾಸಾದ ದಿನ ಖಾತೆಗೆ ಬರುತ್ತದೆ ಎಂದರು.

ಸೋಮವಾರ ಜೋಸ್ನಾ ಕೊಡ ಹಿಡಿದು ಹಿತ್ತಲಿಗೆ ಬಂದಳು. ಶಿವಗಂಗವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಜೋಸ್ನಾ ನೀರು ಕೇಳುವುದನ್ನು ಬಿಟ್ಟು ಬಾಗಿಲಲ್ಲಿದ್ದ ಕೋಮಲಳ ಕಡೆಗೆ ತನ್ನ ಭಾಷೆಯಲ್ಲಿ ಏನೋ ಬಡಬಡ ಹೇಳಿದಳು.

“ನನಗ ತಿಳಿಯೂದಿಲ್ಲ,” ಎಂದಳು ಕೋಮಲ, ಕನ್ನಡದಲ್ಲಿ. “ನೀರ ತಗೊಂಡ ಹೋಗು. ಇಲ್ಲಿ ಬರಬ್ಯಾಡ.”

“ತಿಳಿಯೂದಿಲ್ಲ ಅಂದ್ರ ಏನಬೇ?” ಎಂದಳು ಶಿವಗಂಗವ್ವ. “ಬಂದ ಹೊಸದಾಗ ಇದ ಭಾಷಾದಾಗ ದನಕ್ಕ ಬೈತಿದ್ದಿ.”

ಕೋಮಲ ಬಾಗಿಲು ಹಾಕಿಕೊಂಡಳು.

ಜೋಸ್ನಾ ಕೊಡ ಕೆಳಗಿಟ್ಟು ಮುದುಕಿಯ ಮುಂದೆ ಕೂತಳು. ಒಬ್ಬಳ ಹರಕು ಹಿಂದಿ, ಇನ್ನೊಬ್ಬಳ ತವರಿನ ಮರಾಠಿ. ಇಬ್ಬರಿಗೂ ಸಾಕಾಯಿತು. ಕೋಮಲಳ ತಾಯಿ ನದಿಯ ಆಚೆ ಇನ್ನೂ ಬದುಕಿದ್ದಾಳೆ, ಹಾಸಿಗೆ ಹಿಡಿದಿದ್ದಾಳೆ, ದಿನಾ ಮಗಳನ್ನು ಕೇಳುತ್ತಾಳೆ ಎಂದಳು ಜೋಸ್ನಾ.

“ಆಚೆ ಅಂದ್ರ?”

“ಬಾಂಗ್ಲಾದೇಶ, ಅಮ್ಮಾ. ನಾನು ಈಚೆ ದಂಡೆಯವಳು. ನನ್ನ ಕಾರ್ಡು ಸಾಚಾ.”

ಶಿವಗಂಗವ್ವನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. “ಕಟ್ಟೀ ಮ್ಯಾಲ ಯಾಕ ಹೇಳಲಿಲ್ಲ?”

“ಅವಳಿಗೆ ಮಗು ಇದೆ,” ಎಂದಳು ಜೋಸ್ನಾ. ಕೊಡ ತುಂಬಿಕೊಂಡು ಹೋದಳು.

ಅಂದು ಊಟಕ್ಕೆ ಕೂತಾಗ ಶಿವಗಂಗವ್ವ ಯಾರಿಗೂ ಬಡಿಸಲಿಲ್ಲ. ಮುಂಬಾಗಿಲು ಹಾಕಿ ಬಂದು ಕೂತಳು.

“ನಿಮ್ಮ ಸೊಸಿ ಯಾವ ಊರಾಕಿ ಅಂತ ಕೇಳ್ರಿ.”

“ಮಾಲ್ದಾ. ಮುಗದ ಮಾತದು,” ಎಂದ ಮುರಗೆಪ್ಪ.

“ಕೇಳ್ರಿ ಅಂತೀನಿ.”

ಕೋಮಲ ಒಲೆಯ ಮುಂದಿನಿಂದ ಏಳಲಿಲ್ಲ. “ಹುಟ್ಟಿದ್ದು ಆಚೆ ದಂಡೀಗೆ,” ಎಂದಳು. “ಬಾಂಗ್ಲಾದಾಗ.”

ಹೆಂಚಿನ ಮೇಲಿನ ರೊಟ್ಟಿ ಸುಡತೊಡಗಿತು. ಈಶ್ವರ ತಾಟನ್ನು ದೂಡಿದ. “ನಾಕ ವರ್ಷ ನನ್ನ ಜೋಡಿ ಸುಳ್ಳ ಸಂಸಾರ ಮಾಡಿದಿ?”

“ನೀವು ನನ್ನ ಕೇಳಲೇ ಇಲ್ಲ. ಏಜೆಂಟನ್ನ ಕೇಳಿದ್ರಿ.”

“ಮಾತ ನೋಡು ಇದರದು,” ಎಂದು ಮುರಗೆಪ್ಪ ಎದ್ದುನಿಂತ. “ಇದರ ಆಧಾರಕ್ಕ ಸಹಿ ಹಾಕಿದಾಂವ ನಾನು. ಮೊದಲ ನನ್ನ ಒಳಗ ಹಾಕ್ತಾರ. ಸಂಘದಾಗ ಹೆಂಗ ಮಾರಿ ತೋರಿಸಲಿ?”

“ಆ ಮಾರಿ ಆಮ್ಯಾಲ,” ಎಂದಳು ಶಿವಗಂಗವ್ವ. “ಜೋಸ್ನಾಂದು ಕಾರ್ಡ ಖರೇ ಐತಿ. ಬೆರಳ ತಿಂದದ್ದು ನಿಮ್ಮ ಪೇಸ್ಟ. ನಾಳೆ ಹೋಗಿ ಬಾಪುಸಾಹೇಬ್ರಿಗೆ ಹೇಳ್ರಿ. ಎರಡ ಮೂರ ವಾರ ತಡದು ಮತ್ತೊಮ್ಮೆ ಒತ್ತಿಸರಿ ಅನ್ರಿ.”

“ನಾ ಅವರ ಪರ ಮಾತಾಡಿದ್ರ ಎಲ್ಲಾರೂ ನಮ್ಮ ಮನಿ ಕಡೆ ಹೊಳ್ಳಿ ನೋಡ್ತಾರ.”

“ಈಶ್ವರಾ, ನೀ ಹೋಗು. ಓದಿದಾಂವ ಅಂತೀಯಲ್ಲ.”

ಈಶ್ವರ ಗೋಡೆ ನೋಡಿದ.

“ಕಳಸ್ರಿ ಆಕಿನ್ನ,” ಎಂದಳು ಕೋಮಲ. ಸುಟ್ಟ ರೊಟ್ಟಿಯನ್ನು ಕೈಯಿಂದಲೇ ಎತ್ತಿ ಬದಿಗಿಟ್ಟಳು. “ಬುಧವಾರ ತನಕ ಯಾಕ, ನಾಳೇನ ಕಳಸ್ರಿ.”

“ನಿನ್ನ ಎದ್ಯಾಗ ಏನೈತಿಬೇ?” ಎಂದಳು ಅತ್ತೆ. “ಕಲ್ಲ ಐತೇನು?”

“ಭಾಗ್ಯಾ ಅದಾಳ್ರಿ.”

ಅಂದು ಮಗು ಒಬ್ಬಳೇ ಉಂಡಳು.

ಬುಧವಾರ ಟೆಂಪೋ ಮುರಗೆಪ್ಪನ ಮನೆಯ ಮುಂದೆಯೇ ನಿಂತಿತು, ಶೆಡ್ಡಿಗೆ ಅದೇ ಹಾದಿ. ಒಂಬತ್ತು ಜನ ಗಂಟು ಹೊತ್ತು ಬಂದರು. ಬಾಪುಸಾಹೇಬರು ಕೈಯೆತ್ತಿ ನಿಲ್ಲಿಸಿದರು. “ಮತ್ತ ನಾಳೆ ಅನ್ಯಾಯ ಮಾಡಿದ್ರು ಅನಬ್ಯಾಡ್ರಿ. ಈ ಊರಾಗ ನಿಮ್ಮನ್ನ ಬಲ್ಲವರು ಯಾರರ ಇದ್ರ ಹೇಳ್ರಿ. ಅವರು ಜಾಮೀನ ನಿಲ್ಲಲಿ, ಇರ್ರಿ.”

ಮುಕಾದಮ ಅದನ್ನು ಅವರ ಭಾಷೆಯಲ್ಲಿ ಹೇಳಿದ. ಜೋಸ್ನಾ ಬಾಗಿಲ ಕಡೆಗೆ ನೋಡಿದಳು. ಕೋಮಲ ಹೊಸ್ತಿಲ ಒಳಗೆ ಕಸಬರಿಗೆ ಹಿಡಿದು ನಿಂತಿದ್ದಳು, ಒಂದು ಹೆಜ್ಜೆ ಹೊರಗೆ ಇಡಲಿಲ್ಲ.

“ಯಾರೂ ಇಲ್ಲ,” ಎಂದಳು ಜೋಸ್ನಾ. ಟೆಂಪೋ ಹತ್ತಿ, ಬೆರಳು ಸೀರೆಯೊಳಗೆ ಮುಚ್ಚಿಕೊಂಡು ಕೂತಳು.

ಉಳಿದ ಐವರಿಂದ ಕೆಲಸ ಸಾಗಲಿಲ್ಲ. ಒಂದೂವರೆ ಎಕರೆಗೆ ಪೇಸ್ಟ್ ತಡವಾಗಿ, ಕಣ್ಣುಗಳು ಒಂದು ಕಡೆ ಒಡೆದು ಇನ್ನೊಂದು ಕಡೆ ಕುರುಡಾಗಿ ಉಳಿದವು. ತಂದೆ ಮಗನ ಮೇಲೆ ಹಾಯ್ದ, ಮಗ ಹೆಂಡತಿಯ ಮೇಲೆ. ಈಶ್ವರ ಕೋಮಲಳ ಜೊತೆ ಮಾತು ಬಿಟ್ಟು, ಬೇಕಾದದ್ದನ್ನು ಭಾಗ್ಯಾಳ ಮೂಲಕ ಕೇಳತೊಡಗಿದ. “ನಿಮ್ಮವ್ವಗ ಚಹಾ ಅನ್ನು.” ಶನಿವಾರ ಮಾತ್ರ ಮುರಗೆಪ್ಪ ಸೊಸೆಯನ್ನು ತಾನೇ ಜಕ್ಕಪ್ಪನ ಹತ್ತಿರ ಕರೆದೊಯ್ಯುತ್ತಿದ್ದ. ಇರುವ ಆಳುಗಳ ಪಗಾರ ಹೊರಡುವುದು ಅವಳ ಹೆಬ್ಬೆಟ್ಟಿನಿಂದಲೇ. ಹೋಗುವಾಗ ಬರುವಾಗ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ.

ದೀಪಾವಳಿ ಮುಗಿದ ಮೇಲೆ ಸಂಘ ಮತ್ತೆ ಸೇರಿತು. ಮುರಗೆಪ್ಪ ಅಂದು ಮನೆಗೆ ಬಂದು ಕೈಕಾಲು ತೊಳೆದ, ವಿಭೂತಿ ಹಚ್ಚಿದ, ಊಟ ಬೇಡ ಎಂದ.

“ಏನಾತು?” ಎಂದಳು ಶಿವಗಂಗವ್ವ.

“ಏಜೆಂಟ್ ತಂದ ಸೊಸ್ತ್ಯಾರು ಊರಾಗ ಆರು ಮಂದಿ ಅದಾರಂತ. ಅವರದೂ ತಪಾಸಣಾ.”

“ನಮ್ಮಾಕಿದು ಪಾಸಾಗೇತಲ್ಲ.”

“ಅದನ್ನ ನಾನೂ ಅಂದೆ. ಹೆಬ್ಬೆಟ್ಟು ಈಗಿನ ಮನಿ ಹೇಳ್ತೈತಿ, ಹುಟ್ಟಿದ ಮನಿ ಹೇಳೂದಿಲ್ಲ, ತವರಮನಿಯವರನ್ನ ಕರಸ್ರಿ ಅಂದ್ರು ಬಾಪುಸಾಹೇಬ್ರು. ಸೊಲ್ಲಾಪುರದಾಗ ಯಾರನ್ನ ಕರಸೂದು?” ಅವನ ದನಿ ಇಳಿದಿತ್ತು. “ಸಾಂಗಲಿ ಏಜೆಂಟಗ ಹೊಳ್ಳಿ ಒಪ್ಪಿಸಿಬಿಡೂಣು. ಕೂಸು ನಮ್ಮದು, ನಮ್ಮ ಹತ್ರ ಇರಲಿ.”

ಒಳಗೆ ಕೋಮಲ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದ್ದಳು. ಈಶ್ವರ ಎದ್ದು ಹೊರಗೆ ಹೋದ.

ಮರುದಿನ ಮುಂಜಾನೆ ಶಿವಗಂಗವ್ವ ತಲೆಗೆ ಸೆರಗು ಹೊದ್ದು ಗುಡಿಯ ಕಟ್ಟೆಗೆ ಹೋದಳು. ಅಲ್ಲಿ ಹೆಂಗಸರು ಹೋಗಿ ಮಾತನಾಡುವ ರೂಢಿ ಇರಲಿಲ್ಲ. ಬಾಪುಸಾಹೇಬರ ಜೊತೆ ಏಳೆಂಟು ಮಂದಿ ಚಹಾ ಕುಡಿಯುತ್ತ ಕೂತಿದ್ದರು.

“ಬರ್ರಿ ಅಕ್ಕಾರ. ಮುರಗೆಪ್ಪ ಬರಲಿಲ್ಲ?”

“ಹೆಂಗ ಬರ್ತಾರ್ರಿ. ಮಾತು ನನ್ನ ತವರಮನಿದು. ನನ್ನ ಸೊಸಿ ತವರು ಯಾವುದಂತ ಕೇಳಿದ್ರಂತ.”

“ಎಲ್ಲಾರ್ದೂ ಕೇಳಾಕತ್ತೇವ್ರಿ.”

“ಭೋಜ. ನಿಪ್ಪಾಣಿ ಹತ್ರದ ಭೋಜ, ನನ್ನ ತವರ. ನನ್ನ ತಮ್ಮ ತಂಬಾಕಿನ ಗಾಡಿ ತಗೊಂಡು ಸೊಲ್ಲಾಪುರಕ್ಕ ಹೊಕ್ಕಿದ್ದ. ಅಲ್ಲಿ ಬೀಡಿ ಕಟ್ಟಾಕಿ ಒಬ್ಬಾಕಿನ್ನ ಇಟ್ಟಕೊಂಡಿದ್ದ. ಆಕಿ ಮಗಳು ಈಕಿ.” ಯಾರ ಮುಖವನ್ನೂ ನೋಡದೆ ಹೇಳಿದಳು. “ತಮ್ಮ ಸತ್ತ. ಹೆಣ್ಣ ಕೂಸು ಬೀದಿಪಾಲಾಗಬಾರದು ಅಂತ ತಂದು ಮಗಗ ಕಟ್ಟಿದೆ. ಏಜೆಂಟಂದು ಹೆಸರ ಹೇಳಿ ಮುಚ್ಚಿಟ್ಟೆ. ಈಗ ನೀವು ತಗಸಿದ್ರಿ.”

ಭೋಜಕ್ಕೆ ಹೋಗಿ ವಿಚಾರಿಸೋಣ ಎಂದು ಯಾರೂ ಅನ್ನಲಿಲ್ಲ. ತವರಿನ ಗಂಡಸಿನ ಇಂಥ ಮಾತನ್ನು ಯಾವ ಹೆಂಗಸೂ ಹುಟ್ಟಿಸಿಕೊಂಡು ಹೇಳುವುದಿಲ್ಲ ಎಂಬುದು ಅವರೆಲ್ಲರ ನಂಬಿಕೆ.

“ಅದಕ್ಕ ಆಕಿ ಕನ್ನಡ ಹಂಗ ತೊದಲ್ತೈತಿ,” ಎಂದ ಒಬ್ಬ. “ಸೊಲ್ಲಾಪುರದ ಮಾತು.”

“ಹೋಗ್ಲಿ ಬಿಡ್ರಿ ಅಕ್ಕಾರ,” ಎಂದರು ಬಾಪುಸಾಹೇಬರು. “ಆರರಾಗ ನಿಮ್ಮದೊಂದು ತಗದ್ವಿ.”

ಮಧ್ಯಾಹ್ನದೊಳಗೆ ಮಾತು ಊರೆಲ್ಲ ತಿರುಗಿತು. ನೀರಿನ ಟಾಕಿಯ ಹತ್ತಿರ ಹೆಂಗಸರು ಶಿವಗಂಗವ್ವನಿಗೆ ಹಾದಿ ಬಿಟ್ಟು ಹಿಂದಿನಿಂದ ನಕ್ಕರು. ಮುರಗೆಪ್ಪ ಮನೆಗೆ ಬಂದವನು ಹೆಂಡತಿಗೆ ಕೈ ಮುಗಿಯಬೇಕೋ ಬೈಯಬೇಕೋ ತಿಳಿಯದೆ ದನ ಬಿಟ್ಟುಕೊಂಡು ಹೋದ.

ಕೋಮಲ ಹಿಟ್ಟು ನಾದುತ್ತಿದ್ದಳು. ಅತ್ತೆ ಬಂದು ಎದುರಿಗೆ ಕೂತಾಗ ಅವಳ ಕಾಲು ಮುಟ್ಟಲು ಬಾಗಿದಳು.

“ಮುಟ್ಟಬ್ಯಾಡ,” ಎಂದಳು ಶಿವಗಂಗವ್ವ, ಕಾಲು ಹಿಂದಕ್ಕೆ ಎಳೆದುಕೊಂಡು. “ನಿನ್ನ ಸಲುವಾಗಿ ಮಾಡಿಲ್ಲ. ನನ್ನ ಮೊಮ್ಮಗಳು ತಾಯಿ ಇಲ್ಲದಂಗ ಆಗಬಾರದು. ಆ ಹುಡಿಗಿ ಟೆಂಪೋ ಹತ್ತೂಮುಂದ ನೀ ಹೊಸ್ತಿಲ ದಾಟಲಿಲ್ಲ. ಅದು ನಾ ಸಾಯೂಮಟಾ ನನ್ನ ಕಣ್ಣಾಗ ಇರ್ತೈತಿ.”

“ಹೂಂ ರಿ.”

“ಈಗ ನೆಟ್ಟಗ ಕೇಳು. ನಿಮ್ಮಪ್ಪ ನನ್ನ ತಮ್ಮ. ಭೋಜದಾಂವ. ಸತ್ತಾನ.”

“ಹೂಂ ರಿ.”

“ನಿಮ್ಮವ್ವ ಸೊಲ್ಲಾಪುರದಾಗ ಬೀಡಿ ಕಟ್ಟತಿದ್ದಳು. ಆಕೀನೂ ಸತ್ತಾಳ. ಆಚೆ ಕಡೆ ನಿನಗ ಯಾರೂ ಇಲ್ಲ. ಫೋನ್ ಇಲ್ಲ, ಸುದ್ದಿ ಇಲ್ಲ. ಬದುಕಿದ ಅವ್ವ ಒಬ್ಬಾಕಿ ಇದ್ದರ ಬಾಪುಸಾಹೇಬ್ರು ಕರಸು ಅಂತಾರ. ತಿಳೀತ?”

ಕೋಮಲಳ ಕೈ ಹಿಟ್ಟಿನಲ್ಲಿ ನಿಂತಿತು. ಕೇಳಿದಳು:

“ಏನಾಗಿ ಸತ್ತಳ್ರಿ?”

ಶಿವಗಂಗವ್ವ ಅದನ್ನು ಯೋಚಿಸಿರಲಿಲ್ಲ. “ಜ್ವರ,” ಎಂದಳು. “ಮೂರ ದಿನದ ಜ್ವರ. ಕೇಳಿದವರಿಗೆ ಇಷ್ಟ ಹೇಳು. ಹೇಳ ನೋಡೂಣು.”

“ನಮ್ಮವ್ವ ಸತ್ತಾಳ್ರಿ,” ಎಂದಳು ಕೋಮಲ. “ಮೂರ ದಿನ ಜ್ವರ ಬಂದಿತ್ತು.”

“ಅಳಬ್ಯಾಡ,” ಎಂದಳು ಶಿವಗಂಗವ್ವ. “ಹಳೇ ಸಾವದು. ಮತ್ತೊಮ್ಮೆ ಹೇಳು.”